ಒಂದು ರೂಪಾಯಿಯ ಆಟ

ಕಳೆದ ಈದ್‌ಗೆ ನಾವು ಅಕ್ಕತಂಗಿಯರಿಬ್ಬರೂ ಕೈಲಾಂಚದ ತವರು ಮನೆಯಲ್ಲಿ ಸೇರಿದ್ದೆವು. ಹಬ್ಬದ ಮಾರನೆಯ ದಿನ ಮಧ್ಯಾಹ್ನ, ಉಳಿದ ಬಿರಿಯಾನಿಯನ್ನು ಬಿಸಿ ಮಾಡಿ ಉಂಡು, ಮನೆಯ ಗಂಡಸರೆಲ್ಲ ಜಗಲಿಯಲ್ಲಿ ಕಾಲು ಚಾಚಿದ್ದರು. ಬೆಂಗಳೂರಿನಲ್ಲಿ ಓದುವ ತಂಗಿಯ ಮಗ ತನ್ನ ಚೀಲದಿಂದ ಆಟದ ಯಂತ್ರವೊಂದನ್ನು ತೆಗೆದು ನಡುಮನೆಯ ಟೀವಿಗೆ ಜೋಡಿಸಿದ. ಪರದೆಯ ಮೇಲೆ ಒಂದು ಅಂಗಡಿ ಮೂಡಿತು. ಅದರೊಳಗೆ ಸಾಲಾಗಿ ಆಳೆತ್ತರದ ಪೆಟ್ಟಿಗೆಗಳು. ಅವುಗಳನ್ನು ನಮಗೆ ಬೇಕಾದ ಕಡೆ ಎತ್ತಿಡಬಹುದಂತೆ. ಆ ಕಂತೆಯ ಹೆಸರು 'ಪ್ಯಾಕ್-ಮ್ಯಾನ್ ಮ್ಯೂಸಿಯಂ ಪ್ಲಸ್'. 2022ರಲ್ಲಿ ಬಂದ ಅದರಲ್ಲಿ ಹಳೆಯವು, ಹೊಸವು ಸೇರಿ ಒಟ್ಟು 14 ಆಟಗಳಿವೆ. ಹುಡುಗ ಮೊದಲನೆಯ ಪೆಟ್ಟಿಗೆಯ ಮುಂದೆ ನಿಂತು, "ಖಾಲಾ, ಇದು ನಿಮ್ಮ ಕಾಲದ ಆಟ. ನೀವು ಇದನ್ನ ತುಂಬಾ ಆಡಿರ್ತೀರಿ ಅಲ್ವಾ?" ಎಂದ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಕಾಲದ ಆಟ ಎನ್ನುವುದು ನಿಜ. ಆದರೆ ನಾವದನ್ನು ತುಂಬಾ ಆಡಿದವರಲ್ಲ. ಇಡೀ ಜೀವನದಲ್ಲಿ ಒಂದೇ ಒಂದು ಸಲ, ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಆಡಿದ್ದೆವು. ಅದಕ್ಕೆ ಒಂದು ರೂಪಾಯಿ ಖರ್ಚಾಗಿತ್ತು. ಆ ರೂಪಾಯಿ ನಮ್ಮದಾಗಿರಲಿಲ್ಲ. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಈ ಲೇಖನ ಅರ್ಧ ಆ ಆಟದ ಚರಿತ್ರೆ, ಇನ್ನರ್ಧ ಆ ರೂಪಾಯಿಯ ಚರಿತ್ರೆ.

ನಾಣ್ಯ ನುಂಗುವ ಆಟದ ಪೆಟ್ಟಿಗೆಗಳ ಕತೆ ಸಾಮಾನ್ಯವಾಗಿ 1972ರಿಂದ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ನೋಲನ್ ಬುಶ್ನೆಲ್ ಮತ್ತು ಸಂಗಡಿಗರ ಅಟಾರಿ ಕಂಪನಿ 'ಪಾಂಗ್' ಎಂಬ ಚೆಂಡಾಟವನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನ ಒಂದು ಪಾನಗೃಹದಲ್ಲಿಟ್ಟಿತು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂಬ ದೂರು ಬಂತಂತೆ. ಹೋಗಿ ನೋಡಿದರೆ ನಾಣ್ಯದ ಡಬ್ಬಿ ಭರ್ತಿಯಾಗಿ ಸಿಕ್ಕಿಕೊಂಡಿತ್ತು, ಅಷ್ಟೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್‌ವೇಡರ್ಸ್' ರಚಿಸಿದರು. ಆಕಾಶದಿಂದ ಸಾಲುಸಾಲಾಗಿ ಇಳಿಯುವ ವೈರಿಗಳನ್ನು ಹೊಡೆದಷ್ಟೂ ಉಳಿದವರ ನಡಿಗೆ ಚುರುಕಾಗುತ್ತದೆ. ಇದು ಮೊದಲು ಬೇಕೆಂದು ಮಾಡಿದ್ದಲ್ಲ. ಪರದೆಯ ಮೇಲೆ ಚಿತ್ರಗಳು ಕಡಿಮೆಯಾದಂತೆ ಅಂದಿನ ಬಡ ಯಂತ್ರದ ಹೊರೆ ಇಳಿದು ಅದರ ವೇಗ ಹೆಚ್ಚುತ್ತಿತ್ತು. ಯಂತ್ರದ ಬಡತನವೇ ಆಟದ ರುಚಿಯಾಯಿತು.

ಇನ್ನೊಂದು ಜಪಾನಿ ಕಂಪನಿ ನಾಮ್ಕೊ. ಇದನ್ನು 1955ರಲ್ಲಿ ಸ್ಥಾಪಿಸಿದ ಮಸಾಯ ನಕಾಮುರಾ ಆರಂಭ ಮಾಡಿದ್ದು ಎರಡು ಆಟದ ಕುದುರೆಗಳಿಂದ. ಯೊಕೊಹಾಮಾ ನಗರದ ಒಂದು ದೊಡ್ಡ ಅಂಗಡಿಯ ತಾರಸಿಯ ಮೇಲೆ, ನಾಣ್ಯ ಹಾಕಿದರೆ ಮಕ್ಕಳನ್ನು ಹಿಂದಕ್ಕೂ ಮುಂದಕ್ಕೂ ತೂಗುವ ಕುದುರೆಗಳವು. ಇದನ್ನು ಓದಿದಾಗ ನಮಗೆ ನೆನಪಾದದ್ದು ಪಕ್ಕದ ಚನ್ನಪಟ್ಟಣ. ಅಲ್ಲಿನ ಅಂಗಡಿಗಳ ಮುಂದೆ ಇಂದಿಗೂ ಕೆಂಪು ಹಳದಿ ಬಣ್ಣದ ಮರದ ತೂಗುಕುದುರೆಗಳು ಸಾಲುಗಟ್ಟಿ ನಿಂತಿರುತ್ತವೆ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ವಿದ್ಯೆ ಬೆಳೆಸಿದರು ಎಂಬುದು ನಮ್ಮ ಸೀಮೆಯ ನಂಬಿಕೆ. ಆಟಿಕೆಗಳ ಪಿತಾಮಹರೆಂದು ಹೆಸರಾದ ಬವಾಸ್ ಮಿಯಾ ಅವರು ಜಪಾನಿನ ಅರಗಿನ ಕೆಲಸದ ಪದ್ಧತಿಯನ್ನು ಚನ್ನಪಟ್ಟಣಕ್ಕೆ ತಂದರು ಎಂದೂ ಹೇಳುತ್ತಾರೆ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗು ಒತ್ತಿ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. 2005-06ರಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೀಗೆ ಆಟದ ವಿಷಯದಲ್ಲಿ ಜಪಾನಿಗೂ ನಮ್ಮ ಸೀಮೆಗೂ ಬಹಳ ಹಿಂದಿನಿಂದಲೇ ಕೊಡುಕೊಳ್ಳುವಿಕೆಯ ಮಾತು ಇದೆ. ಎರಡನೆಯ ಸಲ ಜಪಾನು ನಮ್ಮ ಕಡೆ ಬಂದದ್ದು ಟೀವಿಯ ಪೆಟ್ಟಿಗೆಯೊಳಗೆ ಕೂತು.

1980ರಲ್ಲಿ ನಾಮ್ಕೊದ ತೋರು ಇವಾತಾನಿ ಎಂಬ 25ರ ತರುಣ ತಿನ್ನುವ ಆಟವೊಂದನ್ನು ರೂಪಿಸಿದ. ಹಳದಿ ಬಣ್ಣದ ಒಂದು ದುಂಡು ಬಾಯಿ. ಗೋಡೆಗಳ ಚಕ್ರವ್ಯೂಹದಲ್ಲಿ ಹರಡಿದ 240 ಸಣ್ಣ ಚುಕ್ಕೆ, ಮೂಲೆಗಳ ಬಳಿ 4 ದೊಡ್ಡ ಚುಕ್ಕೆ. ಬೆನ್ನಟ್ಟುವ ನಾಲ್ಕು ದೆವ್ವಗಳು. ದೊಡ್ಡ ಚುಕ್ಕೆ ತಿಂದರೆ ಸ್ವಲ್ಪ ಹೊತ್ತು ದೆವ್ವಗಳೇ ಹೆದರಿ ಓಡುತ್ತವೆ. ಒಂದು ತುಂಡು ತೆಗೆದ ಪಿಜ್ಜಾ ನೋಡಿ ಈ ಆಕಾರ ಹೊಳೆಯಿತು ಎಂಬ ಕತೆ ಜಗತ್ತೆಲ್ಲ ಹಬ್ಬಿದೆ. ಅದು ಅರ್ಧ ಸತ್ಯ ಮಾತ್ರ, ಬಾಯಿ ಎಂಬರ್ಥದ ಜಪಾನಿ ಚೌಕಾಕ್ಷರವನ್ನು ದುಂಡಗೆ ಮಾಡಿದ್ದೂ ಉಂಟು ಎಂದು ಇವಾತಾನಿ ತಾವೇ ಹೇಳಿದ್ದಾರೆ. ಗಬಗಬ ತಿನ್ನುವುದಕ್ಕೆ ಜಪಾನಿಯರು 'ಪಾಕು ಪಾಕು' ಎನ್ನುತ್ತಾರೆ. ಅದರಿಂದ ಆಟಕ್ಕೆ 'ಪಕ್ ಮ್ಯಾನ್' ಎಂಬ ಹೆಸರು ಬಂತು. ಅಮೆರಿಕಕ್ಕೆ ಹೋಗುವಾಗ ಪೋಲಿ ಹುಡುಗರು ಆ ಹೆಸರಿನ ಮೊದಲ ಅಕ್ಷರ ಕೆರೆದು ಬೈಗುಳ ಮಾಡಿಯಾರು ಎಂಬ ಭಯದಿಂದ 'ಪ್ಯಾಕ್-ಮ್ಯಾನ್' ಎಂದು ಬದಲಾಯಿತು. ಹೆಸರು ಬದಲಾಗುವುದು ನಮಗೇನೂ ಹೊಸತಲ್ಲ. ಟಿಪ್ಪುವಿನ ಕಾಲದ ಶಂಸೇರಾಬಾದ್, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿ, ಆಮೇಲೆ ರಾಮನಗರವಾಯಿತು. 2007ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಊರು ಮಾತ್ರ ಅರ್ಕಾವತಿಯ ದಂಡೆಯಲ್ಲಿ ತನ್ನ ಪಾಡಿಗೆ ತಾನಿದೆ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಈಚೆಗೆ. ಆಗ, ಅಂದರೆ 90ರ ದಶಕದ ನಡುವಿನಲ್ಲಿ, ನಮಗೆ ಗೊತ್ತಿದ್ದದ್ದು ಆಟದ ಸದ್ದು ಮಾತ್ರ. ಕೈಲಾಂಚದಲ್ಲಿ ಉರ್ದು ಶಾಲೆಯ ಓದು ಮುಗಿಸಿದ ನಮ್ಮನ್ನು ಅಬ್ಬಾ ರಾಮನಗರದ ಕನ್ನಡ ಹೈಸ್ಕೂಲಿಗೆ ಸೇರಿಸಿದ್ದರು. ಬಸ್ಸಿಳಿದು ಶಾಲೆಗೆ ನಡೆಯುವ ದಾರಿಯಲ್ಲಿ ಹಸಿರು ಪರದೆ ಇಳಿಬಿಟ್ಟ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಒಳಗೆ ಮರದ ಪೆಟ್ಟಿಗೆಗಳಲ್ಲಿ ಹುದುಗಿಸಿದ ಟೀವಿಗಳು. ಪರದೆಯ ಕೆಳಗೆ ಹುಡುಗರ ಪಾದಗಳ ಸಾಲು ಕಾಣುತ್ತಿತ್ತು. ಕೆಲವು ಶಾಲೆಯ ಬೂಟು, ಬಹಳಷ್ಟು ಹವಾಯಿ ಚಪ್ಪಲಿ, ಕೆಲವು ಬರಿಗಾಲು. ಒಳಗಿನಿಂದ 'ವಕ ವಕ ವಕ' ಎಂದು ಏನೋ ಮೇಯುವ ಸದ್ದು.

ಆ ಸದ್ದು ನಮಗೆ ಅಪರಿಚಿತವಾಗಿರಲಿಲ್ಲ. ರೇಷ್ಮೆ ಮನೆಯ ಮಕ್ಕಳಿಗೆ ತಿನ್ನುವ ಸದ್ದು ಗೊತ್ತಿರುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಸೊಪ್ಪಿಗೆ ಬಿದ್ದರೆ ರಾತ್ರಿಯೆಲ್ಲ ಹೆಂಚಿನ ಮೇಲೆ ಜಡಿಮಳೆ ಸುರಿದ ಹಾಗೆ ಕೇಳುತ್ತದೆ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ಕೊನೆಯ ಘಟ್ಟದಲ್ಲೇ ತಿನ್ನುತ್ತದೆ. ಹಣ್ಣಾದ ಮೇಲೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಜಾಗ ಹುಡುಕುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ, ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ತಟ್ಟೆ. ಸುಮಾರು ಸಾವಿರ ಹುಳುಗಳು ಆ ಓಣಿಗಳೊಳಗೆ ಒಂದೊಂದು ಮೂಲೆ ಹಿಡಿದು ಗೂಡು ಕಟ್ಟುತ್ತವೆ. ಅಬ್ಬಾ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಅಂಗಳ ಸದಾ ಚಂದ್ರಿಕೆಗಳಿಂದ ತುಂಬಿರುತ್ತಿತ್ತು.

ನಮ್ಮಣ್ಣ ಆ ಹಸಿರು ಪರದೆಯೊಳಗೆ ಹೋಗಿಬರುತ್ತಿದ್ದ. ರಾತ್ರಿ ಊಟವಾದ ಮೇಲೆ ಒಲೆಯ ಇದ್ದಿಲಿನಿಂದ ನೆಲದ ಮೇಲೆ ಗೋಡೆಗಳನ್ನು ಬರೆದು ಆಟ ವಿವರಿಸುತ್ತಿದ್ದ. ನಾವು, ಮತ್ತು ಪಕ್ಕದ ಬೀದಿಯ ಒಕ್ಕಲಿಗರ ಮನೆಯ ನಮ್ಮ ಗೆಳತಿ, ಅದನ್ನು ಅಂಗಳಕ್ಕೆ ತಂದೆವು. ಚಂದ್ರಿಕೆಗಳನ್ನು ಎರಡೆರಡಾಗಿ ಆನಿಸಿ ನಿಲ್ಲಿಸಿದರೆ ಓಣಿಗಳಾಗುತ್ತಿದ್ದವು. ಓಣಿಯುದ್ದಕ್ಕೂ ಹುಣಸೆ ಬೀಜ. ಒಬ್ಬರು ಹುಳು, ಉಳಿದವರು ದೆವ್ವ. ದೆವ್ವ ಎಂಬ ಮಾತಿಗೆ ಅಮ್ಮೀ ಬೈಯುತ್ತಿದ್ದರಿಂದ ನಾಲ್ಕು ದೆವ್ವಗಳಿಗೆ ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ಹೆಸರಿಟ್ಟೆವು. ಹುಳುವಿಗೆ ಬರುವ ಜ್ವರವೂ ನಾಲ್ಕೇ ಅಲ್ಲವೇ! ಗೆಳತಿಯನ್ನು ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ. ಅವಳು ಓಡುತ್ತಲೇ ಬಗ್ಗಿ ಬೀಜ ಆಯುತ್ತಿದ್ದಳು. ಮನೆಯವರು ಅವಳನ್ನು ರಜೆಯ ದಿನಗಳಲ್ಲಿ ಸೊಪ್ಪು ಕೀಳಲು ಕಳಿಸುತ್ತಿದ್ದರು. ಆ ಬೆರಳುಗಳ ಚುರುಕು ಅಲ್ಲಿಂದ ಬಂದದ್ದು.

ಅವಳು ಹೇಗೆ ತಪ್ಪಿಸಿಕೊಳ್ಳುತ್ತಿದ್ದಳು ಎಂಬುದು ನಮಗೆ ಅರ್ಥವಾದದ್ದು ಈಗ, ಆಟದ ಒಳಗುಟ್ಟು ಓದಿದ ಮೇಲೆ. ಇವಾತಾನಿಯ ನಾಲ್ಕು ದೆವ್ವಗಳದು ನಾಲ್ಕು ಸ್ವಭಾವ. ಕೆಂಪು ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿ ಬಣ್ಣದ್ದು ನಾವಿರುವ ಜಾಗಕ್ಕಲ್ಲ, ನಾವು ಮುಖ ಮಾಡಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಡುತ್ತದೆ. ನೀಲಿ ತನ್ನ ದಾರಿಯನ್ನು ನಮ್ಮಿಂದಲೂ ಕೆಂಪು ದೆವ್ವ ನಿಂತ ಜಾಗದಿಂದಲೂ ಲೆಕ್ಕ ಹಾಕುತ್ತದೆ. ಕಿತ್ತಳೆ ಬಣ್ಣದ್ದು ದೂರದಿಂದ ಧೈರ್ಯವಾಗಿ ಬಂದು, ಎಂಟು ಮನೆ ಹತ್ತಿರವಾದ ಕೂಡಲೇ ಅಂಜಿ ತನ್ನ ಮೂಲೆಗೆ ತಿರುಗುತ್ತದೆ. ನಾಲ್ವರೂ ಸದಾ ಬೆನ್ನಟ್ಟುವುದೂ ಇಲ್ಲ. ಮೊದಲ ಸುತ್ತಿನಲ್ಲಿ 7 ಸೆಕೆಂಡು ತಮ್ಮ ತಮ್ಮ ಮೂಲೆಗೆ ಚದುರುತ್ತಾರೆ, 20 ಸೆಕೆಂಡು ಬೆನ್ನಟ್ಟುತ್ತಾರೆ, ಮತ್ತೆ ಚದುರುತ್ತಾರೆ. ಈ ಬಿಡುವು ಇಲ್ಲದಿದ್ದರೆ ಆಡುವವರ ಉಸಿರು ಕಟ್ಟುತ್ತಿತ್ತು. ಇಷ್ಟು ಸ್ವಭಾವ ಚಿತ್ರಣಕ್ಕೆ ಆ ಯಂತ್ರದಲ್ಲಿದ್ದ ಜಾಗ 16 ಕಿಲೋಬೈಟ್. ಇಂದು ಮೊಬೈಲಿನಲ್ಲಿ ಕಳಿಸುವ ಒಂದು ಹಬ್ಬದ ಶುಭಾಶಯ ಪತ್ರ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಸಣ್ಣ ಕತೆ ಬರೆಯುವ ನಮಗೆ ಇದರಲ್ಲಿ ಕಲಿಯುವುದಿದೆ. ನಾಲ್ಕು ಪಾತ್ರ, ನಾಲ್ಕು ಗುಣ, ಒಂದು ಮನೆ. ಉಳಿದದ್ದು ತಾನಾಗಿ ನಡೆಯುತ್ತದೆ.

ಈಗ ವಿಪರ್ಯಾಸಕ್ಕೆ ಬರೋಣ. ಇವಾತಾನಿ ಈ ಆಟವನ್ನು ಮಾಡಿದ್ದೇ ಹೆಣ್ಣುಮಕ್ಕಳಿಗಾಗಿ. ಅಂದಿನ ಜಪಾನಿನ ಆಟದ ಅಂಗಡಿಗಳು ಗಂಡುಹುಡುಗರ ಅಡ್ಡೆಗಳಾಗಿದ್ದವು. ಗುಂಡು ಹೊಡೆಯುವ, ಕೊಲ್ಲುವ ಆಟಗಳೇ ಎಲ್ಲ. ಹೆಂಗಸರೂ ಜೋಡಿಗಳೂ ಸಂಕೋಚವಿಲ್ಲದೆ ಒಳಗೆ ಬರುವಂತಾಗಬೇಕು, ಅದಕ್ಕೆ ಎಲ್ಲರಿಗೂ ಪ್ರಿಯವಾದ ತಿನ್ನುವ ಕೆಲಸವನ್ನೇ ವಸ್ತು ಮಾಡಬೇಕು ಎಂದು ಆತ ಯೋಚಿಸಿದ. ದೆವ್ವಗಳಿಗೆ ಮುದ್ದು ಕಣ್ಣು, ಗುಲಾಬಿ, ತಿಳಿನೀಲಿ ಬಣ್ಣ ಬಂದದ್ದೂ ಅದಕ್ಕೇ. ಮರುವರ್ಷ, 1981ರಲ್ಲಿ, ಅಟಾರಿಯಿಂದ 'ಸೆಂಟಿಪೀಡ್' ಎಂಬ ಆಟ ಬಂತು. ಅದನ್ನು ಎಡ್ ಲಾಗ್ ಎಂಬವರ ಜೊತೆ ರಚಿಸಿದ್ದು ಡೋನಾ ಬೈಲಿ ಎಂಬ ಮಹಿಳೆ. ಹೀಗೆ ಟೋಕಿಯೊದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲೆಂದೇ ಮಾಡಿದ ಆಟ ಹದಿನಾಲ್ಕು ವರ್ಷಗಳ ನಂತರ ರಾಮನಗರಕ್ಕೆ ಬಂದು ಹಸಿರು ಪರದೆಯ ಹಿಂದೆ ಕೂತಿತ್ತು. ನಾವು ಅದರ ಮುಂದೆ ತಲೆ ತಗ್ಗಿಸಿ, ಹೆಜ್ಜೆ ಚುರುಕು ಮಾಡಿ ಹಾದುಹೋಗುತ್ತಿದ್ದೆವು.

ಹಿರಿಯರ ಆತಂಕ ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಈ ಅಂಗಡಿಗಳ ಭಯ ಜಗತ್ತಿಗೇ ಇತ್ತು. ಫಿಲಿಪ್ಪೀನ್ಸ್‌ನಲ್ಲಿ ಮಾರ್ಕೋಸ್ 1981ರಲ್ಲಿ ವಿಡಿಯೋ ಆಟದ ಯಂತ್ರಗಳನ್ನೇ ನಿಷೇಧಿಸಿದರು. ಅಮೆರಿಕದ ಟೆಕ್ಸಾಸ್‌ನ ಮೆಸ್ಕೀಟ್ ನಗರ 17 ತುಂಬದ ಮಕ್ಕಳು ತಂದೆತಾಯಿಯರಿಲ್ಲದೆ ಇಂಥ ಅಂಗಡಿಗೆ ಹೋಗಬಾರದೆಂದು ಕಾನೂನು ಮಾಡಿ, ಆ ವಿವಾದ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮೂರಿನಲ್ಲಿ ಆತಂಕಕ್ಕೆ ಇನ್ನೊಂದು ಕಾರಣವಿತ್ತು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯ ಸುತ್ತ ನೂಲು ಬಿಚ್ಚುವ ನೂರಾರು ಘಟಕಗಳಿದ್ದವು. ಅವುಗಳಲ್ಲಿ ಮಕ್ಕಳು ದುಡಿಯುತ್ತಿದ್ದರು. ಕುದಿನೀರಿನ ಬೋಗುಣಿಯಿಂದ ಗೂಡಿನ ಎಳೆ ಹುಡುಕಿ ಹುಡುಕಿ ಬೆಂದ ಬೆರಳುಗಳನ್ನು ನಾವೇ ಕಂಡಿದ್ದೇವೆ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿತು. ಪರದೆಯ ಕೆಳಗೆ ಕಾಣುತ್ತಿದ್ದ ಬರಿಗಾಲುಗಳು ಅಂಥ ಹುಡುಗರವು. ವಾರಕ್ಕೊಮ್ಮೆ ಕೈಗೆ ಬಂದ ಚಿಲ್ಲರೆ ಅಲ್ಲಿ ಕರಗುತ್ತಿತ್ತು. ಅದನ್ನು ಕಂಡ ತಾಯಂದಿರು ಅಂಗಡಿಯನ್ನು ಶಪಿಸುತ್ತಿದ್ದರು. ಆದರೆ ನಮಗೀಗ ಅನ್ನಿಸುತ್ತದೆ: ಆ ಹುಡುಗರು ಹಾಳಾದದ್ದು ಎರಡು ನಿಮಿಷದ ಆಟದಿಂದಲೋ, ಹನ್ನೆರಡು ಗಂಟೆಯ ದುಡಿಮೆಯಿಂದಲೋ? ಊರಿನ ಹಿರಿಯರು ಆಟದ ಅಂಗಡಿ ಮುಚ್ಚಿಸಬೇಕೆಂದು ಮಾತಾಡಿದ್ದು ನಮಗೆ ನೆನಪಿದೆ. ಬೋಗುಣಿಯ ಮುಂದೆ ಕೂತ ಮಕ್ಕಳನ್ನು ಎಬ್ಬಿಸಬೇಕೆಂದು ಯಾರೂ ಅಷ್ಟು ಜೋರಾಗಿ ಮಾತಾಡಿದ್ದು ನೆನಪಿಲ್ಲ.

1994ರ ಒಂದು ಶುಕ್ರವಾರ. ಜುಮಾ ನಮಾಝಿನ ಹೊತ್ತು. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ನಾವು ಮೂವರೂ ಪೆನ್ನಿನ ರೀಫಿಲ್ ತರುವ ನೆಪದಲ್ಲಿ ಹೊರಗೆ ಬಂದಿದ್ದೆವು. ಹಸಿರು ಪರದೆ ಅರ್ಧ ಎತ್ತಿತ್ತು. ಪಾದಗಳೇ ಇರಲಿಲ್ಲ. ಒಳಗೆ ಕಾವಲಿಗೆ ಕೂತ ನಮ್ಮ ವಯಸ್ಸಿನ ಹುಡುಗ ತೂಕಡಿಸುತ್ತಿದ್ದ. ನಾವು ಅಕ್ಕತಂಗಿಯರ ಹತ್ತಿರ ಬಸ್ಸಿನ ಪಾಸು ಬಿಟ್ಟರೆ ಏನೂ ಇರಲಿಲ್ಲ. ಗೆಳತಿಯ ಜಾಮಿಟ್ರಿ ಪೆಟ್ಟಿಗೆಯಲ್ಲಿ ಒಂದು ರೂಪಾಯಿ ಇತ್ತು. ಆಗ ಹೊಸದಾಗಿ ಬಂದಿದ್ದ ಸ್ಟೀಲಿನ ನಾಣ್ಯ. ಸೊಪ್ಪು ಕಿತ್ತು ಸಂಪಾದಿಸಿದ್ದು. "ಒಂದು ಸಲ ನೋಡೇಬಿಡಾಣ" ಎಂದು ಹೇಳಿದವರು ಯಾರು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹೇಳಿದವರು ನಾವು. ಅವಳು ನಾಣ್ಯ ಕೊಟ್ಟಳು.

ಮೂವರೂ ಸೇರಿ ಒಂದೇ ಹಿಡಿಕೆ ಹಿಡಿದೆವು. ಅಂಗಳದ ಓಣಿಗಳೆಲ್ಲ ಅಲ್ಲಿ ಹೊಳೆಯುತ್ತಿದ್ದವು. ಎಡಕ್ಕೆ, ಬಲಕ್ಕೆ ಎಂದು ಜಗಳಾಡುವುದರೊಳಗೆ ಒಂದು ಜೀವ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದನ್ನು ಗೆಳತಿಯೊಬ್ಬಳಿಗೇ ಬಿಟ್ಟೆವು. ಅವಳು ಮೂಲೆಯ ದೊಡ್ಡ ಚುಕ್ಕೆ ತಿಂದು ನಾಲ್ಕನೇ ಜ್ವರವನ್ನು ಅಟ್ಟಿಸಿಕೊಂಡು ಹೋದಾಗ ನಾವು ಕಿರುಚಿಬಿಟ್ಟೆವು. ಆ ಕಿರುಚಾಟವೇ ಮುಳುವಾಯಿತು. ಬೀದಿಯಲ್ಲಿ ಹೋಗುತ್ತಿದ್ದ ನಮ್ಮೂರಿನವರೊಬ್ಬರು ಪರದೆ ಸರಿಸಿ ನೋಡಿದರು. ಸಂಜೆ ನಾವು ಬಸ್ಸಿಳಿಯುವುದರೊಳಗೆ ಎರಡೂ ಮನೆಗಳಿಗೆ ಸುದ್ದಿ ಮುಟ್ಟಿತ್ತು.

ರಾಮದೇವರ ಬೆಟ್ಟದ ಬಂಡೆಗಳ ನಡುವೆ ತೆಗೆದ 'ಶೋಲೆ' ಸಿನಿಮಾ ನಮ್ಮ ಸೀಮೆಯವರಿಗೆ ಮನೆಯ ಮಾತು. 1975ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಜೈ ಪ್ರತಿ ನಿರ್ಧಾರಕ್ಕೂ ನಾಣ್ಯ ಚಿಮ್ಮುತ್ತಾನೆ. ಆ ನಾಣ್ಯದ ಎರಡು ಬದಿಗೂ ಒಂದೇ ಮುಖವೆಂಬುದು ಕೊನೆಯಲ್ಲಿ ತಿಳಿಯುತ್ತದೆ. ನಮ್ಮ ಒಂದು ರೂಪಾಯಿಯೂ ಹಾಗೇ ಇತ್ತು. ಒಂದು ಮನೆ ಮುಸ್ಲಿಮರದು, ಒಂದು ಮನೆ ಒಕ್ಕಲಿಗರದು. ದೇವರು ಬೇರೆ, ಅಡುಗೆ ಬೇರೆ, ಹಬ್ಬ ಬೇರೆ. ಆದರೆ ಆ ರಾತ್ರಿ ಎರಡೂ ಮನೆಯ ಹಿರಿಯರ ಬಾಯಲ್ಲಿ ಬಂದದ್ದು ಒಂದೇ ಮಾತು: ಓದಿದ್ದು ಸಾಕು. ಅದೇ ಅಂಗಡಿಗೆ ದಿನವೂ ಹೋಗುತ್ತಿದ್ದ ಅಣ್ಣನಿಗೆ ಯಾರೂ ಏನೂ ಕೇಳಲಿಲ್ಲ.

ವಿಚಾರಣೆಯಲ್ಲಿ ನಾವು ಒಂದು ಸುಳ್ಳು ಹೇಳಿದೆವು. "ಅವಳು ಕರೆದಳು, ಅವಳ ಹತ್ತಿರ ದುಡ್ಡಿತ್ತು" ಎಂದೆವು. ಅರ್ಧ ನಿಜವಿದ್ದುದರಿಂದ ಸುಳ್ಳು ಬೇಗ ನಂಬಿಕೆಗೆ ಬಂತು. ನಮ್ಮ ಮಾತು ಅವಳ ಮನೆಗೂ ತಲುಪಿತು. ಮೂರು ವಾರ ನಾವು ಮನೆಯಲ್ಲಿ ಕೂತೆವು. ಆಮೇಲೆ ನಮ್ಮ ಕನ್ನಡ ಮೇಡಂ ಬಸ್ಸು ಹತ್ತಿ ಕೈಲಾಂಚಕ್ಕೇ ಬಂದು ಅಬ್ಬಾನೊಂದಿಗೆ ಮಾತಾಡಿದರು. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು, "ಸೋಮವಾರದಿಂದ ಬರ್ತಾರೆ" ಎಂದರು. ಮೇಡಂ ಅವಳ ಮನೆಗೂ ಹೋದರು. ಅಲ್ಲಿ ಆಗಲೇ ಗಂಡಿನ ಕಡೆಯವರ ಮಾತು ನಡೆದಿತ್ತು. ಒಂಬತ್ತನೇ ತರಗತಿಯ ನಡುವಿನಲ್ಲಿ ಅವಳ ಓದು ನಿಂತಿತು. ಮುಂದಿನ ಬೇಸಿಗೆಯಲ್ಲಿ ಮದುವೆಯಾಗಿ ಚನ್ನಪಟ್ಟಣಕ್ಕೆ ಹೋದಳು. ನಾವು ಓದಿದೆವು, ಕತೆ ಬರೆದೆವು. ಹೆಣ್ಣುಮಕ್ಕಳ ಓದಿನ ಬಗ್ಗೆ ವೇದಿಕೆಗಳಲ್ಲಿ ಭಾಷಣವನ್ನೂ ಮಾಡಿದೆವು. ಈ ಸುಳ್ಳನ್ನು ಮಾತ್ರ ಯಾವ ಕತೆಯಲ್ಲೂ ಬರೆದಿರಲಿಲ್ಲ.

ಪೆಟ್ಟಿಗೆಯ ಆಟಗಳು ಮನೆಗೆ ಬಂದ ಚರಿತ್ರೆಯೂ ಚಿಕ್ಕದೇನಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಮನೆಯಂತ್ರ ತಂದಿತು. ಅದರ ನಕಲು ಯಂತ್ರಗಳು 90ರ ದಶಕದಲ್ಲಿ ನಮ್ಮ ದೇಶದ ಸಂತೆಗಳನ್ನೆಲ್ಲ ತುಂಬಿದವು. ಕ್ಯಾಸೆಟ್ಟಿನ ಮೇಲೆ ಸಾವಿರ, ಲಕ್ಷ ಆಟಗಳೆಂದು ಬರೆದಿರುತ್ತಿತ್ತು. ಒಳಗೆ ಇದ್ದವು ಹತ್ತಿಪ್ಪತ್ತೇ, ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. 1995ರಿಂದ ನಾಮ್ಕೊ ತಾನೇ ತನ್ನ ಹಳೆಯ ಆಟಗಳನ್ನು 'ನಾಮ್ಕೊ ಮ್ಯೂಸಿಯಂ' ಎಂಬ ಸಂಪುಟಗಳಾಗಿ ಪ್ಲೇಸ್ಟೇಷನ್ ಯಂತ್ರಕ್ಕೆ ತಂದಿತು. ಅದರಲ್ಲಿ ನಿಜವಾದ ಸಂಗ್ರಹಾಲಯದ ಹಾಗೆ ಕೋಣೆಯಿಂದ ಕೋಣೆಗೆ ನಡೆಯಬಹುದಿತ್ತು. 1997ರಲ್ಲಿ ಇಟಲಿಯ ನಿಕೊಲಾ ಸಾಲ್ಮೊರಿಯಾ 'ಮೇಮ್' ಎಂಬ ತಂತ್ರಾಂಶ ಬಿಡುಗಡೆ ಮಾಡಿದರು. ಹಳೆಯ ಯಂತ್ರಗಳ ಬುದ್ಧಿಯನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸಿ, ಕೊಳೆತುಹೋಗುತ್ತಿದ್ದ ಆಟಗಳನ್ನು ಉಳಿಸುವುದು ಅದರ ಉದ್ದೇಶ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 14 ವಿಡಿಯೋ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅವುಗಳಲ್ಲಿ ಪ್ಯಾಕ್-ಮ್ಯಾನ್ ಕೂಡ ಒಂದು. ಹಸಿರು ಪರದೆಯ ಹಿಂದಿನ ವಸ್ತು ಪಿಕಾಸೋನ ಮನೆಯ ಅತಿಥಿಯಾಯಿತು.

ಸಂಗ್ರಹವೆಂದರೆ ಆಯ್ಕೆ. ಆಯ್ಕೆಯೆಂದರೆ ಕೆಲವರನ್ನು ಹೊರಗಿಡುವುದು. ತಂಗಿಯ ಮಗ ಆ 14 ಪೆಟ್ಟಿಗೆಗಳನ್ನು ತೋರಿಸುತ್ತಿದ್ದಾಗ ನಾವು ಒಬ್ಬಾಕೆಯನ್ನು ಹುಡುಕಿದೆವು. 1982ರಲ್ಲಿ ಅಮೆರಿಕದಲ್ಲಿ 'ಮಿಸ್ ಪ್ಯಾಕ್-ಮ್ಯಾನ್' ಎಂಬ ಆಟ ಬಂದಿತ್ತು. ತಲೆಗೆ ರಿಬ್ಬನ್ ಕಟ್ಟಿದ, ತುಟಿಗೆ ಬಣ್ಣ ಹಚ್ಚಿದ ದುಂಡು ಬಾಯಿ. ಹಳೆಯ ಆಟದಲ್ಲಿ ಒಂದೇ ಚಕ್ರವ್ಯೂಹ, ಇಲ್ಲಿ ನಾಲ್ಕು. ಹಳೆಯ ದೆವ್ವಗಳ ಹೆಜ್ಜೆಯನ್ನು ಬಾಯಿಪಾಠ ಮಾಡಬಹುದಿತ್ತು, ಇಲ್ಲಿ ಆಗುವುದಿಲ್ಲ. ಮೊದಲನೆಯದಕ್ಕಿಂತ ಇದೇ ಒಳ್ಳೆಯ ಆಟ ಎನ್ನುವವರು ಬಹಳ. ಇದನ್ನು ಮೂಲತಃ ರಚಿಸಿದ್ದು ನಾಮ್ಕೊ ಅಲ್ಲ, ಜನರಲ್ ಕಂಪ್ಯೂಟರ್ ಎಂಬ ಸಣ್ಣ ಕಂಪನಿಯ ಹುಡುಗರು. ಆದ್ದರಿಂದ ಗೌರವಧನದ ಹಕ್ಕಿನ ತಕರಾರು ಉಳಿದುಕೊಂಡು 2019ರಲ್ಲಿ ಕೋರ್ಟು ಮೆಟ್ಟಿಲೇರಿತು. ಪರಿಣಾಮ: 90ರ ದಶಕದ ಮ್ಯೂಸಿಯಂ ಸಂಪುಟಗಳಲ್ಲಿದ್ದ ಆಕೆ 2022ರ ಮ್ಯೂಸಿಯಂನಲ್ಲಿ ಇಲ್ಲ. ಇನ್ನೊಂದು ಆಟದ ಮನೆಯೊಳಗೆ ಆಕೆ ನಿಲ್ಲುತ್ತಿದ್ದ ಜಾಗದಲ್ಲೂ ಗುಲಾಬಿ ಟೋಪಿಯ ಬೇರೊಬ್ಬ ಹೆಂಗಸನ್ನು ನಿಲ್ಲಿಸಿದ್ದಾರೆ. ಆಕೆಯದೇನೂ ತಪ್ಪಿರಲಿಲ್ಲ. ಲೆಕ್ಕಪತ್ರದವರ ಜಗಳಕ್ಕೆ ಆಕೆ ಹೊರಗೆ ಬಿದ್ದಳು. ಇದನ್ನು ಹುಡುಗ ಸಹಜವಾಗಿ ಹೇಳಿದ. ನಮಗೆ ಅದನ್ನು ಸಹಜವಾಗಿ ಕೇಳಲಾಗಲಿಲ್ಲ.

ಮನೆಗೆ ಬಂದ ಆಟದಲ್ಲಿ ಇನ್ನೊಂದು ಬದಲಾವಣೆ ಇದೆ. ಪೆಟ್ಟಿಗೆಯ ಆಟವನ್ನು ಕಟ್ಟಿದ್ದೇ ನಾಣ್ಯದ ಅಳತೆಗೆ. ಆಡುವವರು ಬೇಗ ಸೋಲಬೇಕು, ಆದರೆ ಮುಂದಿನ ಸಲ ಗೆದ್ದೇನು ಎಂಬ ಆಸೆ ಉಳಿಯಬೇಕು. ಹಿಂದೆ ಕಾಯುತ್ತಾ ನಿಂತವರ ಉಸಿರು ಕತ್ತಿಗೆ ತಾಗುತ್ತಿರಬೇಕು. ಆ ಒತ್ತಡವೇ ಆಟದ ಅರ್ಧ ಪ್ರಾಣ. ಸೋಫಾದ ಮೇಲೆ ಕೂತು ಎಷ್ಟು ಸಲವಾದರೂ ಸಾಯಬಹುದು ಎಂದಾದಾಗ ಸಾವಿಗೆ ಬೆಲೆ ಇರುವುದಿಲ್ಲ. ಹುಡುಗ ಇಪ್ಪತ್ತು ನಿಮಿಷ ಆಡಿ ಬೇಸರಪಟ್ಟ. ನಮಗೆ ಬೇಸರವಾಗಲಿಲ್ಲ. ಈ ಆಟಕ್ಕೂ ಒಂದು ಕೊನೆ ಇದೆ. 256ನೆಯ ಸುತ್ತಿನಲ್ಲಿ ಲೆಕ್ಕ ಇಡುವ ಸಂಖ್ಯೆ ಯಂತ್ರದ ಮಿತಿ ಮೀರಿ ಪರದೆಯ ಬಲ ಅರ್ಧ ಕಲಸಿಹೋಗುತ್ತದೆ. ಎಷ್ಟೇ ಜಾಣರಿರಲಿ, ಅಲ್ಲಿಂದ ಮುಂದೆ ದಾರಿಯಿಲ್ಲ. ಲೆಕ್ಕ ತಪ್ಪಿದ ಕಡೆಗೇ ಆಟ ನಿಲ್ಲುತ್ತದೆ.

ಅಂದೇ ಸಂಜೆ ತಂಗಿ ಚನ್ನಪಟ್ಟಣಕ್ಕೆ ಫೋನು ಮಾಡಿದಳು. ಮರುದಿನ ಗೆಳತಿ ಬಂದಳು, ಐದು ವರ್ಷದ ಮೊಮ್ಮಗಳ ಕೈ ಹಿಡಿದುಕೊಂಡು. ಅವಳೀಗ ಆಟಿಕೆಯ ಚರಕಿನ ಕೆಲಸಕ್ಕೆ ಹೋಗುತ್ತಾಳೆ. ಉಗುರಿನ ಸಂದಿಯಲ್ಲಿ ಕೆಂಪು ಅರಗು ಇತ್ತು. ಸೇವಿಗೆ ಪಾಯಸ ಕುಡಿದು, ಟೀವಿಯ ಮುಂದೆ ಕೂತು, ಹಳದಿ ಬಾಯಿಯನ್ನು ನೋಡಿ ಗುರುತು ಹಿಡಿದು ನಕ್ಕಳು. ನಾವು ಮೂವತ್ತು ವರ್ಷ ಹೊತ್ತುಕೊಂಡಿದ್ದ ಮಾತನ್ನು ಆಗ ಹೇಳಿದೆವು. ಕರೆದದ್ದು ನೀನಲ್ಲ, ನಾವು ಎಂದೆವು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೊತ್ತಿತ್ತಲ್ಲ" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, "ಕಾಸು ಎಲ್ಲಿಗೆ ಹಾಕ್ಬೇಕಪ್ಪ?" ಎಂದು ಕೇಳಿದಳು.

"ಬೇಡ ಆಂಟಿ, ಈ ಗುಂಡಿ ಒತ್ತಿದ್ರೆ ಸಾಕು. ಅದೇ ಹಾಕಿಕೊಳ್ಳುತ್ತೆ."

"ಪುಕ್ಕಟೆನಾ?" ಅವಳು ನಮ್ಮತ್ತ ನೋಡಿದಳು. "ಹಂಗಾದ್ರೆ ನನ್ನ ಒಂದು ರೂಪಾಯಿ ನೀವಿನ್ನೂ ಕೊಡಬೇಕು."

ತಂಗಿ ಪರ್ಸು ತೆಗೆದಳು. ಅವಳು ಬೇಡವೆಂದು ಕೈಯಾಡಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಗುಂಡಿ ಒತ್ತಿದಳು. ಮೊದಲ ತಿರುವಿನಲ್ಲೇ ನಾಲ್ಕೂ ಜ್ವರಗಳನ್ನು ಹಿಂದೆ ಹಾಕಿದಳು. ಮೊಮ್ಮಗಳು ಕಿರುಚಿತು. ಜಗಲಿಯಲ್ಲಿ ಮಲಗಿದ್ದ ಅಣ್ಣ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಬರಲು ಅವನಿಗೆ ಜಾಗವಿರಲಿಲ್ಲ.